ತಗದಾರೇನ್ರಿ?

ಅವನ ಎಮ್ಮೆ ಸತ್ತ ಸುದ್ದಿ ಬಂದ ದಿನ ನಾನು ಸಜ್ಜಕ ಮಾಡಿದೆ. ಬೆಲ್ಲ ಜಾಸ್ತಿ ಹಾಕಿ, ಮೇಲೆ ತುಪ್ಪ ಬಿಟ್ಟು, ಮನೆಯವರ ಮುಂದೆ ತಾಟು ಇಟ್ಟೆ. ಅವರು ಒಂದು ತುತ್ತು ಬಾಯಿಗಿಟ್ಟು ಕೇಳಿದರು, "ಇವತ್ತೇನೈತಿ? ಹಬ್ಬಿಲ್ಲ, ಹುಣ್ಣಿವಿಲ್ಲ."

ಹೇಳಿದೆ. ಅವರು ತಾಟನ್ನು ಸರಿಸಿದರು.

"ಮೂಕಪ್ರಾಣಿ ಏನ್ ಮಾಡಿತ್ತ ನಿನಗ?"

"ಎಮ್ಮಿ ಏನೂ ಮಾಡಿಲ್ಲ. ಅದರ ಮಾಲಕ ಮಾಡ್ಯಾನ."

ನನ್ನ ಪಾಲಿನದನ್ನೂ ಅವರ ಪಾಲಿನದನ್ನೂ ನಾನೇ ತಿಂದೆ.

ಆ ಎಮ್ಮೆಯ ಮಾಲಕ ನಮ್ಮ ಕಡೆಯ ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡುತ್ತಾನೆ. ಊರುಗಳ ಲೈನು ಹಚ್ಚುವುದು, ಬಂದ್ ಮಾಡುವುದು, ಫೋನ್ ಬಂದರೆ ಎತ್ತಿ ಮಾತಾಡುವುದು ಅವನ ಕೆಲಸ. ಅವನು ಫೋನಿನಲ್ಲಿ ಆಡಿದ ಒಂದು ಮಾತಿನಿಂದ ನನ್ನ ತಮ್ಮ ಸತ್ತ.

ನಮ್ಮ ಹೊಲಗಳು ಕೃಷ್ಣೆಯ ದಂಡೆಗೆ, ಚಿಕ್ಕಪಡಸಲಗಿ ಬ್ಯಾರೇಜಿನಿಂದ ಕೆಳಗೆ. ನನ್ನನ್ನು ಇದೇ ಊರಲ್ಲಿ ಕೊಟ್ಟಿದ್ದರಿಂದ ತವರಿನ ಹೊಲ, ಗಂಡನ ಹೊಲ ಎರಡಕ್ಕೂ ಒಂದೇ ಬದು. ಹೊಳೆಯ ನೀರನ್ನು ಕಬ್ಬಿಗೆ ಎತ್ತುವ ಮೋಟರುಗಳು ದಂಡೆಯ ಕೆಳಗೇ ಇರುತ್ತವೆ. ಮಳೆಗಾಲದಲ್ಲಿ ಮೇಲಿನ ಗೇಟುಗಳನ್ನು ತೆಗೆದರೆ ಹೊಳೆ ಏರುತ್ತದೆ. ಆಗ ಊರ ಜನವೆಲ್ಲ ಹಗ್ಗ ಹಿಡಿದು ಓಡುತ್ತಾರೆ. ಮೋಟರನ್ನು ಮೇಲಕ್ಕೆ ಎಳೆದುಕೊಳ್ಳದಿದ್ದರೆ ಹೊಳೆ ಒಯ್ಯುತ್ತದೆ. ಆದರೆ ಲೈನು ಬಂದ್ ಆಗದೆ ಮೋಟರಿಗೆ ಕೈ ಹಚ್ಚುವ ಹಾಗಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತು. ನನ್ನ ತಮ್ಮನಿಗೂ ಗೊತ್ತಿತ್ತು. ಅದಕ್ಕೇ ಫೋನ್ ಮಾಡಿದ.

ಅವತ್ತು ಮುಂಜಾನೆ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಹಿಂದೆ ನಮ್ಮ ಮನೆಯವರಿದ್ದರು. ತಮ್ಮ ಮೊಣಕಾಲು ನೀರಿನಲ್ಲಿ ನಿಂತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನನ್ನು ಸ್ಪೀಕರಿಗೆ ಹಾಕಿ ಕೂಗಿದ, "ತಗದಾರೇನ್ರಿ?"

ಆ ಕಡೆಯಿಂದ ಅವನು, "ಹೂಂ, ತಗದಾರ ತಗದಾರ. ಲಗೂನ ಮ್ಯಾಲ ಎಳಕೋರಿ."

ತಮ್ಮ ಬಾಗಿ ಮೋಟರಿಗೆ ಕೈ ಹಾಕಿದ. ಹಗ್ಗ ನನ್ನ ಕೈಯಲ್ಲಿ ಒಮ್ಮೆ ಜಗ್ಗಿತು. ಅವನು ಮೋಟರಿನ ಮೇಲೆ ಒರಗಿದ ಹಾಗೆ ಕಂಡ. ದಣಿದಿದ್ದಾನೆ ಅಂದುಕೊಂಡೆ.

ನಮ್ಮ ಕಡೆ ಲೈನ್ ತಗದಾರ ಅಂದರೆ ಕರೆಂಟು ಹೋಯಿತು ಎಂದು. ಗೇಟ್ ತಗದಾರ ಅಂದರೆ ನೀರು ಬಂತು ಎಂದು. ತಮ್ಮ ಕೇಳಿದ್ದು ಲೈನು. ಅವನು ಹೇಳಿದ್ದು ಗೇಟು. ಅಂದು ಬೆಳಗಿನಿಂದ ಫೋನ್ ಮಾಡಿದವರೆಲ್ಲ ಗೇಟಿನ ಸುದ್ದಿಯನ್ನೇ ಕೇಳುತ್ತಿದ್ದರಂತೆ. ಅದೇ ರೂಢಿಯಲ್ಲಿ ಹೇಳಿದೆ ಎಂದು ಅವನು ಪೊಲೀಸರ ಮುಂದೆ ಅತ್ತನಂತೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದವನು ಲೈನು ಕೇಳದೆ ಹೊಳೆಯ ಸುದ್ದಿ ಕೇಳುತ್ತಾನೆಯೇ? ಅವನು ಅತ್ತದ್ದು ನನಗೆ ಬೇಕಿರಲಿಲ್ಲ. ಅವನನ್ನು ಸ್ವಲ್ಪ ದಿನ ಕೆಲಸ ಬಿಡಿಸಿದರು, ಮತ್ತೆ ಅದೇ ಕುರ್ಚಿಗೆ ಕರೆದರು. ಜಮಖಂಡಿಗೆ ಹೋಗುವ ಬಸ್ಸು ಸಬ್‌ಸ್ಟೇಷನ್ನಿನ ಮುಂದೆಯೇ ಹಾಯುತ್ತದೆ. ಕಿಟಕಿಯ ಪಕ್ಕ ಸೀಟು ಸಿಗದಿದ್ದರೆ ನಿಂತುಕೊಂಡಾದರೂ ಆ ಕಟ್ಟಡ ನೋಡಿ, ನಿನ್ನ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಬಾಯಿಬಿಟ್ಟು ಶಾಪ ಹಾಕುವುದು ನನಗೆ ಬರುವುದಿಲ್ಲ.

ಅವನ ಹೆಸರು ಎಲ್ಲರ ಮುಂದೆ ಬರಬೇಕು ಎಂದು ಒಂದು ದಿನ ಶಾಸಕರ ಮನೆಗೆ ಹೋದೆ. ಅವರೂ ಕಬ್ಬು ಬೆಳೆಯುವವರೇ. ಅಂಗಳದ ತುಂಬ ಜನ. ಒಬ್ಬ ಮುದುಕ ಅವರ ಮುಂದೆ ನಿಂತು, "ಕರೆಂಟಿನ ಟಿಸಿ ಸುಟ್ಟು ತಿಂಗಳಾತ್ರಿ ಸಾಹೇಬ್ರ. ಬಾವ್ಯಾಗಿನ ಕಪ್ಪಿ ಸುದ್ದಾ ನಿಮ್ಮ ಹೆಸರ ಹಿಡಿದ ಒದರಾಕತ್ತಾವ" ಅಂದ.

"ಅವನ್ನೂ ಓಟರ್ ಲಿಸ್ಟಿಗೆ ಸೇರಸ್ರಿ" ಎಂದು ನಕ್ಕು, ಶಾಸಕರು ಫೋನ್ ಎತ್ತಿದರು.

ನನ್ನ ಸರದಿ ಬಂದಾಗ ಅವರು ನಗಲಿಲ್ಲ. ಪೂರಾ ಕೇಳಿದರು. ಮತ್ತೊಮ್ಮೆ ಹೇಳಿಸಿದರು. "ತಗದೀರೇನ್ರಿ ಅಂದನೋ, ತಗದಾರೇನ್ರಿ ಅಂದನೋ?" ಎಂದು ಕೇಳಿದರು.

"ತಗದಾರ ಅಂದ್ರಿ."

"ನೀವು ತಗದೀರೇನು ಅಂತ ಕೇಳಿದ್ರ ಅಂವಗ ಲೈನ್ ಅಂತ ತಿಳೀತಿತ್ತು. ತಗದಾರ ಅಂದಿದ್ದಕ್ಕ ಬ್ಯಾರೇಜಿನವರು ಅಂತ ತಿಳದಾನ." ಆಮೇಲೆ ಅಂದರು, "ಸದನದಾಗ ಪ್ರಶ್ನೆ ಹಾಕ್ತೇನವ್ವಾ."

"ಅವನ ಹೆಸರ ಹೇಳ್ರಿ ಅಲ್ಲೆ."

"ಅಲ್ಲಿ ಬಂದು ಉತ್ತರ ಕೊಡಾಕ ಆಗದಂವನ ಹೆಸರ ತಗೋಳಾಕ ಬರೂದಿಲ್ಲ. ಹಂಗ ಕಾಯ್ದೆ ಐತಿ."

"ನನ್ನ ತಮ್ಮಗೂ ಬಂದು ಉತ್ತರ ಕೊಡಾಕ ಆಗೂದಿಲ್ರಿ" ಅಂದೆ. ಆದರೂ ಅವರು ಒಪ್ಪಲಿಲ್ಲ. ಅವತ್ತು ಅವರ ಮನೆಯ ಚಹಾ ಕುಡಿಯದೆ ಬಂದೆ.

ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ಪಾಸು ಕಳಿಸಿದರು. ಹೋಗುವುದಿಲ್ಲ ಅಂದುಕೊಂಡವಳು ಹೋದೆ. ಮೇಲಿನ ಗ್ಯಾಲರಿಯಲ್ಲಿ ಕೂತೆ. ಕೆಳಗೆ ಅರ್ಧ ಕುರ್ಚಿಗಳು ಖಾಲಿ. ಮಂತ್ರಿಗಳು ಉತ್ತರ ಓದಿದರು. ಮೃತರು ಸ್ಪಷ್ಟವಾಗಿ ವಿಚಾರಿಸದೆ, ಅಜಾಗರೂಕತೆಯಿಂದ ಯಂತ್ರವನ್ನು ಮುಟ್ಟಿರುತ್ತಾರೆ ಎಂದು ಅದರಲ್ಲಿತ್ತು. ನನ್ನ ತಮ್ಮ ಹಾಲಿನ ಪಾತ್ರೆ ಒಲೆಯಿಂದ ಇಳಿಸುವಾಗಲೂ ಅರಿವೆ ಮಡಿಚಿ ಹಿಡಿಯುವವನು.

ನಮ್ಮ ಶಾಸಕರು ಎದ್ದರು. "ಸಭಾಧ್ಯಕ್ಷರ, ನಮ್ಮ ಕಡೆ ಗೇಟ್ ತಗದ್ರ ನೀರ ಬರತೈತಿ, ಲೈನ್ ತಗದ್ರ ಕರೆಂಟ್ ಹೋಗತೈತಿ. ಎರಡಕ್ಕೂ ಒಂದ ಮಾತು."

ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು, "ಅಂಗಿ ತಗದ್ರ ಏನಾಗತೈತ್ರಿ ನಿಮ್ಮ ಕಡೆ?"

ನಗೆ ಎದ್ದಿತು. ಮಂತ್ರಿಗಳೂ ನಕ್ಕರು. ನಾನು ಅವರ ಹಲ್ಲುಗಳನ್ನು ನೋಡುತ್ತ ಕೂತೆ.

ಶಾಸಕರು ನಗು ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ ಅಂದರು, "ನಕ್ಕೋರಿ. ಆ ಹುಡುಗನ ಅಕ್ಕ ಮ್ಯಾಲ ಕೂತಾಳ. ಆಕಿಗೂ ಕೇಳ್ಲಿ."

ಸಭಾಧ್ಯಕ್ಷರು ಗಂಟೆ ಬಾರಿಸಿ, ಗ್ಯಾಲರಿಯಲ್ಲಿರುವವರ ಪ್ರಸ್ತಾಪ ಮಾಡುವಂತಿಲ್ಲ ಎಂದರು. ಅಂಗಿಯ ಮಾತನ್ನೂ ಇದನ್ನೂ ಸೇರಿಸಿ, "ಕಡತದಿಂದ ತೆಗೆಯಿರಿ" ಎಂದರು.

ಅವನ ಹೆಸರು ಅಲ್ಲಿ ಸೇರಲಿ ಎಂದು ಹೋದವಳು ನಾನು. ತೆಗೆದದ್ದು ನನ್ನನ್ನು.

ಆದರೆ ಶಾಸಕರು ಬಿಡಲಿಲ್ಲ. ಕ್ರಮ ಕೈಗೊಳ್ಳುತ್ತೇವೆ ಎಂದು ಮಂತ್ರಿಗಳ ಬಾಯಿಂದ ಬಂದ ಒಂದು ಮಾತನ್ನು ಹಿಡಿದುಕೊಂಡರು. ಸದನದಲ್ಲಿ ಕೊಟ್ಟ ಭರವಸೆ ನಡೆಯಿತೋ ಇಲ್ಲವೋ ಎಂದು ನೋಡುವ ಸಮಿತಿಯೊಂದು ಇದೆಯಂತೆ. ಅದರ ಮುಂದೆ ಅಧಿಕಾರಿಗಳನ್ನು ಕರೆಸಿ, ಮತ್ತೆ ಮತ್ತೆ ಅದನ್ನೇ ಕೇಳಿಸಿದರು. ಕೊನೆಗೆ ಹೊಸ ಆದೇಶ ಬಂತು. ಹೊಳೆ ಏರಿದಾಗ ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ. ಲೈನು ಬಂದ್ ಮಾಡಿದ ಮೇಲೆ ಸಬ್‌ಸ್ಟೇಷನ್ನಿನವರೇ ಒಬ್ಬರು ದಂಡೆಗೆ ಬಂದು, ರೈತರ ಎದುರಿಗೆ ಪರೀಕ್ಷೆ ಮಾಡಿ ತೋರಿಸಬೇಕು.

ಊರವರು ಶಾಸಕರಿಗೆ ಹಾರ ಹಾಕಿದರು. ನಾನು ಹೋಗಲಿಲ್ಲ. ಮಳೆಗಾಲದ ದಾರಿ ನೋಡುತ್ತಿದ್ದೆ.

ಹೊಳೆ ಬಂತು. ಅವನೂ ಬಂದ. ನಾನು ದಂಡೆಯ ಮೇಲೆ ಮೊದಲೇ ಹೋಗಿ ನಿಂತಿದ್ದೆ. ನನ್ನನ್ನು ಕಂಡು ಅವನು ಗಾಡಿಯನ್ನು ದೂರದಲ್ಲೇ ನಿಲ್ಲಿಸಿದ. ಆಮೇಲೆ ತಲೆ ತಗ್ಗಿಸಿ ಇಳಿದು ಬಂದ.

"ಲೈನ್ ಬಂದ್ ಮಾಡೇವ್ರಿ ಅಕ್ಕಾರ."

"ನಾ ಇನ್ನೂ ಕೇಳೇ ಇಲ್ಲ. ತಗದೀರೇನ್ರಿ?"

ಅವನು ಸುತ್ತ ಹಗ್ಗ ಹಿಡಿದು ನಿಂತ ಜನರನ್ನು ನೋಡಿದ.

"ತಗದೇವ್ರಿ" ಅಂದ, ಯಾರಿಗೂ ಕೇಳದ ಹಾಗೆ.

"ಯಾವುದ?"

"ಲೈನ್ ರಿ."

ಟೆಸ್ಟರ್ ಹಚ್ಚಿ ತೋರಿಸಿದ. ದೀಪ ಹತ್ತಲಿಲ್ಲ.

"ಅದನ್ನ ಕಿಸೆದಾಗ ಇಡ್ರಿ. ಕೈ ಹಚ್ರಿ."

ಅವನು ನನ್ನ ತಮ್ಮನ ಮೋಟರಿನ ಮೇಲೆ ಅಂಗೈ ಇಟ್ಟ. ಲೈನು ಬಂದ್ ಆಗಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಮೊದಲು ಒಂದು ಬೆರಳ ತುದಿಯನ್ನಷ್ಟೇ ತಾಗಿಸಿ ನೋಡಿದ್ದ. ನೀರು ಅವನ ಮೊಣಕಾಲಿಗೆ ಬಂದಿತ್ತು.

"ಬಿಡ್ಲೇನ್ರಿ ಅಕ್ಕಾರ?"

"ಎಲ್ಲಾರ ಮೋಟರ್ ಮ್ಯಾಲ ಹೋಗ್ಲಿ. ಆಮ್ಯಾಲ."

ಆಚೀಚೆಯವರು ತಮ್ಮ ತಮ್ಮ ಮೋಟರುಗಳನ್ನು ಎಳೆದುಕೊಂಡರು. ನಮ್ಮ ಮನೆಯವರು ಹತ್ತಿರ ಬಂದು, "ಸಾಕ್ ಮಾಡ ಇನ್ನ" ಅಂದರು. ನಾನು ಅಲ್ಲಿಂದ ಕದಲಲಿಲ್ಲ. ಕಡೆಯ ಹಗ್ಗ ಮೇಲೆ ಹೋದ ಮೇಲೆ ತಲೆ ಆಡಿಸಿದೆ. ಅವನು ಕೈ ತೆಗೆದುಕೊಂಡು, ಅಂಗೈಯನ್ನು ಪ್ಯಾಂಟಿಗೆ ತಿಕ್ಕುತ್ತ ಹೋದ. ನನಗೆ ಅಂದು ಸಜ್ಜಕ ತಿಂದ ದಿನದ ಹಾಗೆ ಹೊಟ್ಟೆ ತುಂಬಿತ್ತು. ಸಂಜೆಗೆ ಮತ್ತೆ ಹಸಿವಾಯಿತು.

ಈಗ ಅವನು ಹೊಳೆಯಿಲ್ಲದ ಕಡೆಗೆ, ಎಲ್ಲಾದರೂ ಒಳನಾಡಿಗೆ ವರ್ಗ ಕೇಳಿದ್ದಾನಂತೆ. ಸುದ್ದಿ ತಿಳಿದ ಮರುದಿನವೇ ನಾನು ಶಾಸಕರ ಮನೆಗೆ ಹೋದೆ.

"ವರ್ಗ ಮಾಡಸ್ರಿ ಅಂತ ದಿನಾ ಬರತಾರ" ಅಂದರು ಅವರು. "ಮಾಡಿಸಬ್ಯಾಡ್ರಿ ಅಂತ ಬಂದಾಕಿ ನೀನ ಮೊದಲ. ಸಿಟ್ಟ ಇನ್ನೂ ಇಳಿದಿಲ್ಲೇನವ್ವಾ?"

"ಇಳಿದಿಲ್ರಿ" ಅಂದೆ. ಆ ದಿನ ಅವರ ಮನೆಯ ಚಹಾ ಕುಡಿದು ಬಂದೆ.