ದೋಣಿಯ ಹೆಡ್ಲಿಗೆ ಬಂದ ಪದವಿ

ಹೆಡ್ಲಿ ಟ್ರೆವೆನ್ನನ ಮುತ್ತಜ್ಜನ ಅಜ್ಜ ಜೋಸೆಲಿನ್, ಇಂಗ್ಲೆಂಡಿನ ನೌಕಾಪಡೆಯ ದಂಡನಾಯಕ. ಒಂದೇ ಬೆಳಗಿನಲ್ಲಿ ಫ್ರೆಂಚರ ಎರಡು ಹಡಗು ಹಿಡಿದು, ಹಾಯಿ ಕಟ್ಟುವ ಕೂವೆಮರ ಮುರಿದಿದ್ದರೂ ದಡ ಮುಟ್ಟಿಸಿದವನು. ದೊರೆ ಮೆಚ್ಚಿ ‘ಸರ್’ ಪದವಿ ಕೊಟ್ಟ. ಹಿರಿಮಗನಿಂದ ಹಿರಿಮಗನಿಗೆ, ವಂಶ ಇರುವ ತನಕ ಇಳಿಯುವಂಥದ್ದು. ಹಿರಿಯ ಕವಲು ಬಂಗಲೆ ಕಟ್ಟಿತು, ಆಮೇಲೆ ಅದನ್ನು ರೇಸು ಕುದುರೆಯ ಬಾಲಕ್ಕೆ ಕಟ್ಟಿ ಕಳೆಯಿತು. ಕಿರಿಯ ಕವಲು ಪೆನ್‌ಹ್ಯಾಲೊ ಹೊಳೆಬಾಯಲ್ಲಿ ಹುಟ್ಟುಗೋಲು ಹಿಡಿಯಿತು.

ಹಿರಿಯ ಕವಲಿನ ಕೊನೆಯವನು ಮಕ್ಕಳಿಲ್ಲದೆ ಸತ್ತ. ಲಂಡನ್ನಿನಿಂದ ಲಿಡ್‌ಗೇಟ್ ಎಂಬ ವಕೀಲರು ಕಿರಿಯ ಕವಲಿನ ದೋಣಿಗಾರ ಹೆಡ್ಲಿಯನ್ನು ಹುಡುಕಿಕೊಂಡು ಬಂದರು.

“ಸರ್ ಸಾಹೇಬ್ರೇ, ಬೂಟಿನ ಕೆಸರು ಒರೆಸಿ ಒಳಗೆ ಬನ್ನಿ,” ಎಂದಳು ಅತ್ತಿಗೆ ಲವ್‌ಡೇ, ಕಡುಬಿನ ತಟ್ಟೆ ಇಡುತ್ತ. “ಅಲ್ಲ ಮೈದುನ, ನಿನ್ನ ಅಣ್ಣ ಇದ್ದಿದ್ರೆ ಅವನಿಗೇ ಸಿಕ್ತಿತ್ತು. ಈಗ ನನ್ನ ಮಗ ಜಾಗೊಗೆ ಬರ್ಬೇಕಲ್ವಾ?”

“ಅವನೇ ಇಟ್ಕೊಳ್ಲಿ. ಬಲೆ ಹೊಲಿಯೋನಿಗೆ ಸರ್ ಅಂದ್ರೆ ಮೀನೂ ನಗುತ್ತೆ,” ಎಂದ ಹೆಡ್ಲಿ. ಒಳಗೊಳಗೆ ಮಾತ್ರ ಕುತೂಹಲ ಕಚಗುಳಿಯಿಟ್ಟಿತು. ದೋಣಿಯಲ್ಲಿ ಆಚೆ ದಡಕ್ಕೆ ವಕೀಲರನ್ನು ಕೂರಿಸಿಕೊಂಡು ಹೋಗುವಾಗ ಕೇಳಿಯೇಬಿಟ್ಟ: “ಆ ಪದವಿ ಕಾಗದದಲ್ಲಿ ದೊರೆಯ ಮುದ್ರೆ ಇರುತ್ತಾ?”

“ಇರತ್ತೆ, ನಿಮ್ಮ ಹೆಸರಿನ ಮೇಲೇ ದಾಖಲಾಗತ್ತೆ,” ಎಂದರು ವಕೀಲರು. “ಜಾಗೊಗೆ ಬರೋದಿಲ್ಲ. ಅವರು ಹುಟ್ಟಿ ನಾಲ್ಕು ತಿಂಗಳಾದ ಮೇಲೆ ನಿಮ್ಮ ಅಣ್ಣನ ಮದುವೆಯಾಗಿದೆ. ಮದುವೆಗೆ ಮುಂಚೆ ಹುಟ್ಟಿದವರಿಗೆ ಪದವಿ ಇಳಿಯೋದಿಲ್ಲ. ಆ ಎರಡು ತಾರೀಖು ತೋರಿಸಿದ್ರೆ ಸಾಕು, ಸರ್ ನೀವೇ.”

ಹುಟ್ಟುಗೋಲು ನೀರಲ್ಲೇ ನಿಂತಿತು. ಅಣ್ಣನ ಮದುವೆ ಗೊತ್ತಾದ ವರ್ಷ ಬೂತಾಯಿ ಮೀನು ಮುಗಿಬಿದ್ದಿತ್ತು. ಮೀನಿನ ಸುಗ್ಗಿಯಲ್ಲಿ ಪೆನ್‌ಹ್ಯಾಲೊದಲ್ಲಿ ಯಾರೂ ಮದುವೆಯಾಗುವುದಿಲ್ಲ. ಬಲೆ ಬಿಟ್ಟು ಬರುವವರು ಯಾರು? ಮದುವೆ ಮುಂದೆ ಹೋಯಿತು, ಮಗು ಕಾಯಲಿಲ್ಲ. ನಲವತ್ತು ವರ್ಷ ಊರಲ್ಲಿ ಯಾರೂ ಆ ನಾಲ್ಕು ತಿಂಗಳನ್ನು ಎಣಿಸಿರಲಿಲ್ಲ.

“ನಾನು ಆ ತಾರೀಖು ಹೇಳದಿದ್ರೆ?”

“ತಾರೀಖು ತೋರಿಸದೆ ಜಾಗೊಗೂ ಸಿಗೋದಿಲ್ಲ. ಪದವಿ ಯಾರಿಗೂ ಇಲ್ಲದೆ ಮಲಗಿರತ್ತೆ. ನಿಮಗೇನೂ ಕಷ್ಟ ಬೇಡ. ಚರ್ಚಿನ ಕಾಗದ ನಾನೇ ತರ್ತೀನಿ, ಅರ್ಜಿ ನಾನೇ ಬರೀತೀನಿ. ಒಂದು ಸಹಿ ಹಾಕಿ ಅಷ್ಟೆ.”

ದೋಣಿ ದಡಕ್ಕೆ ತಾಗಿತು. ಹೆಡ್ಲಿ ಹಗ್ಗ ಬಿಗಿದ.

“ಬೇಡ ಸ್ವಾಮಿ. ನಮ್ಮತ್ತಿಗೆ ಮದುವೆ ತಾರೀಖು ಹಿಡ್ಕೊಂಡು ಸರ್ ಆಗೋ ದರ್ದು ನನಗಿಲ್ಲ. ನೀವು ಬರೀಬೇಡಿ, ತರಬೇಡಿ. ಅದು ಮಲಗಿದ್ರೆ ಮಲಗಿರ್ಲಿ ಬಿಡಿ.”