ಟ್ರೇಲರ್ ಹಿಂದೆ ಹೋದ ಗುಲಾಬಿ ಕಣ

ನನ್ನ ಚಿತ್ರದ ಗುಲಾಬಿ ಬಣ್ಣದ ಕಥೆಯನ್ನು ಇದುವರೆಗೆ ಮೂರು ರೀತಿ ಹೇಳಿದ್ದೇನೆ. ಒಬ್ಬರಿಗೆ ಅದು ಬೆಳಗಿನ ಜಾವ ತಾನಾಗಿಯೇ ಹೊಳೆಯಿತು ಎಂದೆ. ಇನ್ನೊಬ್ಬರಿಗೆ ಬಣ್ಣಗಳ ಸಂಬಂಧವನ್ನು ಆಳವಾಗಿ ಯೋಚಿಸಿ ಆರಿಸಿದೆ ಎಂದೆ. ಮೂರನೆಯದು ನನಗೇ ಮರೆತಿದೆ. ಈಗ ಬರೆಯುತ್ತಿರುವುದರಲ್ಲೂ ಅಲ್ಲಲ್ಲಿ ಕೈಚಳಕ ಇರಬಹುದು. ಟ್ರ್ಯಾಕ್ಟರ್ ಮಾತ್ರ ನಿಜ.

ಎಪ್ಪತ್ತರ ದಶಕದ ಕೊನೆಯ ಮಾತು. ಯಲಬುರ್ಗಾದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆ. ಬೇಸಿಗೆ ರಜೆಗೆ ಗಂಗಾವತಿಗೆ, ಅಕ್ಕನ ಮನೆಗೆ ಬಂದಿದ್ದೆ. ಟರ್ಪೆಂಟೈನ್ ವಾಸನೆಗೆ ಊಟ ಸೇರುವುದಿಲ್ಲವೆಂದು ಭಾವ ಮುಖ ಸಿಂಡರಿಸಿದ್ದರಿಂದ, ಊರ ಹೊರಗೆ ಲಾರಿ ಬಾಡಿ ಕಟ್ಟುವ ಶೆಡ್ಡಿನ ಒಂದು ಮೂಲೆಯಲ್ಲಿ ಈಸೆಲ್ ನಿಲ್ಲಿಸಿಕೊಂಡೆ. ಅಲ್ಲಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ ಹಿರಿಯರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ರಾಜ್ಯಮಟ್ಟದ ಚಿತ್ರಪ್ರದರ್ಶನಕ್ಕೆ ಎರಡು ವರ್ಷ ಚಿತ್ರ ಕಳಿಸಿದ್ದೆ, ಎರಡೂ ವಾಪಸ್ ಬಂದಿದ್ದವು. ಎರಡನೆಯದರ ಬೆನ್ನಿಗೆ ಯಾರೋ ಪೆನ್ಸಿಲಿನಲ್ಲಿ ‘ಅನುಕರಣೆ’ ಎಂದು ಬರೆದಿದ್ದರು. ಈ ಸಲವೂ ತಿರುಗಿ ಬಂದರೆ ಬ್ರಶ್ಶುಗಳನ್ನು ಕಟ್ಟಿಟ್ಟು ಬಿಡುವುದೆಂದು ನಿಶ್ಚಯಿಸಿದ್ದೆ. ಕಳಿಸಲು ಹದಿನೈದು ದಿನ ಉಳಿದಿತ್ತು.

ವಸ್ತು ಅಕ್ಕಿ ಗಿರಣಿಯ ಕಣ. ಸಿಮೆಂಟಿನ ಬಯಲು, ಅದರ ಮೇಲೆ ಒಣಗಲು ಹರಡಿದ ಭತ್ತ, ಕಾಲಿನಿಂದ ಭತ್ತ ಕೆದರುತ್ತ ನಡೆಯುವ ಹೆಂಗಸರು, ಹಿಂದೆ ಚಿಮಣಿ. ಇವನ್ನೆಲ್ಲ ಮೇಲಿಂದ, ಪಕ್ಕದಿಂದ, ನೆಲಮಟ್ಟದಿಂದ ನೋಡಿ ಚೂರು ಮಾಡಿ ಒಂದೇ ಕ್ಯಾನ್ವಾಸಿನ ಮೇಲೆ ಕೂಡಿಸಿದ್ದೆ. ಹೀಗೆ ಒಡೆದು ಕೂಡಿಸುವ ಕ್ಯೂಬಿಸಂ ನನಗೆ ಹಿಡಿದಿದ್ದ ಹುಚ್ಚು. ಗೆರೆ ಗಟ್ಟಿಯಾಗಿತ್ತು, ಅದರ ಬಗ್ಗೆ ನನಗೆ ಸಂಶಯವಿರಲಿಲ್ಲ. ತಕರಾರೆಲ್ಲ ಬಣ್ಣದ್ದು.

ಕ್ಯೂಬಿಸಂ ಅನ್ನು ನಾನು ಕಲಿತದ್ದು ಕಪ್ಪು-ಬಿಳುಪಿನಲ್ಲಿ ಅಚ್ಚಾದ ಒಂದು ಹರಕು ಪುಸ್ತಕದಿಂದ. ಆ ಚಿತ್ರಗಳಿಗೆಲ್ಲ ಮನಸ್ಸಿನಲ್ಲೇ ಬಣ್ಣ ತುಂಬಿಕೊಂಡು ಹಲವು ವರ್ಷ ಕಳೆದಿದ್ದೆ. ಗಿಟಾರು ಕಡುಕೆಂಪು, ಮೇಜು ಹಸಿರು, ಹೀಗೆ. ಆ ವರ್ಷ ಕೊಪ್ಪಳದಲ್ಲಿ ಉಪನ್ಯಾಸಕ ಗೆಳೆಯನೊಬ್ಬ ಬಣ್ಣದ ಪುಟಗಳಿದ್ದ ಪುಸ್ತಕ ತರಿಸಿ ತೋರಿಸಿದ. ಪುಟ ತಿರುಗಿಸಿದರೆ ಬರೀ ಕಂದು, ಬೂದಿ, ಮತ್ತೆ ಕಂದು. ನನಗೆ ನಾಚಿಕೆಯಾಯಿತು. ಪ್ಯಾರಿಸ್ಸಿನವರಿಗಿಂತ ಯಲಬುರ್ಗಾದ ಮಾಸ್ತರನಿಗೆ ಹೆಚ್ಚು ಗೊತ್ತೇ ಅಂದುಕೊಂಡು, ಗಂಗಾವತಿಗೆ ಬಂದವನೇ ಅಂಬರ್, ಓಕರ್ ಎಂಬ ಮಣ್ಣಿನ ಬಣ್ಣಗಳಿಗೆ ಕಪ್ಪು, ಬಿಳಿ ಕಲೆಸಿ ಇಡೀ ಕಣವನ್ನು ಬೂದುಗಂದು ಮಾಡಿಬಿಟ್ಟೆ.

ಚಾಚಾ ಬೀಡಿ ಹಚ್ಚಿಕೊಂಡು ಬಂದು ನಿಂತರು.

“ಮಾಸ್ತರ, ಇದೇನ್ರಿ?”

“ಗಿರಣಿ ಕಣ, ಚಾಚಾ. ಭತ್ತ ಒಣಗಸ್ತಾರಲ್ಲ, ಅದು.”

“ಮಳಿಗಾಲದಾಗ?”

“ಬ್ಯಾಸಗ್ಯಾಗ.”

“ಹಂಗಾದ್ರ ಬಿಸಲು ಎಲ್ಲಿ ಐತ್ರಿ? ನಿಮ್ಮ ಜೋಬಿನ್ಯಾಗ ಇಟ್ಕೊಂಡೀರೇನು?”

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ನಾನು ಕ್ಯೂಬಿಸಂ ಬಗ್ಗೆ ಒಂದಷ್ಟು ಉಪನ್ಯಾಸ ಕೊಟ್ಟೆ. ಚಾಚಾ ಪೂರ್ತಿ ಕೇಳಿಸಿಕೊಂಡು, “ಇರ್ಲಿ, ಒಂದ್ಸಲ ಓಡಿಸಿ ನೋಡೂಣು ತರ್ರಿ” ಅಂದರು.

ಅದು ಅವರ ಪದ್ಧತಿ. ಲಾರಿಗೆ ಬಣ್ಣ ಬಳಿದಾದ ಮೇಲೆ ಡ್ರೈವರನು ಅದನ್ನು ರಸ್ತೆಯ ತಿರುವಿನವರೆಗೆ ಓಡಿಸಿ ತಿರುಗಿಸಿಕೊಂಡು ಬರಬೇಕು. ಚಾಚಾ ಶೆಡ್ಡಿನ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಲಾರಿ ಸಣ್ಣದಾಗುತ್ತ ಹೋದಂತೆ ಯಾವ ಬಣ್ಣ ಮೊದಲು ಮಾಯವಾಗುತ್ತದೋ ಅದು ‘ಸತ್ತ ಬಣ್ಣ’. ಅದನ್ನು ಕೆರೆದು ಬೇರೆ ಬಳಿಯುತ್ತಿದ್ದರು. ಊರಿನ ಡ್ರೈವರುಗಳಿಗೆಲ್ಲ ಇದು ಗೊತ್ತಿತ್ತು.

ನನ್ನ ಕ್ಯಾನ್ವಾಸನ್ನು ಒಂದು ಲಾರಿಯ ಹಿಂಬದಿಗೆ ಕಟ್ಟಿ ಕಳಿಸಿದರು. ಹುಣಸೆಮರ ದಾಟುವುದರೊಳಗೆ ಚಿತ್ರ ಇರಲಿಲ್ಲ. ಚಿಮಣಿ, ಹೆಂಗಸರು, ಕಣ ಎಲ್ಲ ಸೇರಿ ಒಂದು ಹಳೆಯ ಹಲಗೆಯಾಗಿತ್ತು.

“ಪೂರಾ ಖಾಂದಾನ ಹೋತ್ರಿ ಮಾಸ್ತರ,” ಅಂದರು ಚಾಚಾ. ಈ ಸಲ ಅವರು ನಗಲಿಲ್ಲ.

ಅವತ್ತೇ ಚಾಕುವಿನಿಂದ ಬಣ್ಣ ಕೆರೆದು, ಚಿಂದಿಯಿಂದ ಒರೆಸಿದೆ. ಗೋಡೆಯ ಎರಡು ಚೂರುಗಳನ್ನು ಮಾತ್ರ ಕಂದು ಉಳಿಸಿದೆ. ಬರಿಯ ಹಟದಿಂದ.

ಮುಂದಿನ ಮೂರು ಮಧ್ಯಾಹ್ನ ಗಿರಣಿಯ ಕಣದ ಅಂಚಿನಲ್ಲಿ ಕೂತೆ. ಚಿಮಣಿಯ ನೆರಳು ಕಪ್ಪಲ್ಲ ಎಂದು ಮೊದಲನೆಯ ದಿನವೇ ಕಂಡಿತು. ಪ್ರಷ್ಯನ್ ನೀಲಿಗೆ ಬಿಳಿ ಸೇರಿಸಿ, ಹನಿ ಕೆಂಪು ಹಾಕಿ ಅದನ್ನು ಹಿಡಿದೆ. ಹೆಂಗಸರ ಸೀರೆಗಳಿಗೆ ಮಾಸಿದ ಹಸಿರು ಕೂಡಿಬಂತು. ಕಣ ಮಾತ್ರ ಒಲ್ಲೆ ಅಂದಿತು. ಓಕರ್ ಹಾಕಿದರೆ ಕೆಸರಾಯಿತು. ನಿಂಬೆ ಹಳದಿ ಹಾಕಿದರೆ ಕ್ಯಾಲೆಂಡರ್ ಚಿತ್ರವಾಯಿತು. ಭತ್ತ ಹಳದಿ ಎಂದು ನನಗೆ ಗೊತ್ತಿತ್ತು, ಆ ಗೊತ್ತಿರುವುದೇ ಅಡ್ಡ ನಿಂತಿತ್ತು.

ಮೂರನೆಯ ದಿನವೋ ಮೊದಲನೆಯ ದಿನವೋ, ಕಣವನ್ನೇ ದಿಟ್ಟಿಸಿ ಕಣ್ಣು ನೊಂದು ಮುಚ್ಚಿಕೊಂಡೆ. ರೆಪ್ಪೆಯ ಒಳಗೆ ಗುಲಾಬಿ. ತೆರೆದರೆ ಒಂದು ಗಳಿಗೆ ಭತ್ತದ ಮೇಲೂ ಗುಲಾಬಿ. ಶೆಡ್ಡಿಗೆ ಬಂದು ಬಿಳಿಯ ಗುಡ್ಡೆಗೆ ವರ್ಮಿಲಿಯನ್ ಕೆಂಪು ಬೆರೆಸಿ, ಚಿಟಿಕೆ ಓಕರ್ ಹಾಕಿ, ನಟ್ಟನಡುವಿನ ಒಂದು ಚೂರಿಗೆ ಬಳಿದೆ. ಪಕ್ಕದ ನೀಲಿ ಹಿಂದಕ್ಕೆ ಸರಿಯಿತು. ಚಿಮಣಿ ಎದ್ದು ನಿಂತಿತು. ಉಳಿಸಿದ್ದ ಕಂದು ಗೋಡೆ ಇದ್ದಕ್ಕಿದ್ದಂತೆ ಬಿಸಿಲಿಗೆ ಕಾದ ಮಣ್ಣಾಯಿತು. ಸಂಜೆಯೊಳಗೆ ಕಣದ ಹದಿನಾಲ್ಕೂ ಚೂರುಗಳಿಗೆ ಬೇರೆಬೇರೆ ಗುಲಾಬಿ ಬಳಿದು ಮುಗಿಸಿದೆ.

“ಗುಲಾಬಿ ಭತ್ತ ಎಲ್ಲೈತ್ರಿ ಮಾಸ್ತರ?” ಚಾಚಾಗೆ ಸಹಿಸಲಾಗಲಿಲ್ಲ. “ನಿಮ್ಮ ಅಕ್ಕಗ ಹೇಳಿ ಇವತ್ತು ಗುಲಾಬಿ ಅನ್ನ ಮಾಡಸ್ರಿ.”

“ಓಡಿಸಿ ನೋಡೂಣು, ಚಾಚಾ.”

“ಹಸೀ ಐತ್ರಿ ಇನ್ನಾ. ಒಣಗ್ಲಿ ತಡೀರಿ.”

ಮೂರು ದಿನ ಕಾಯುವುದರಲ್ಲಿ ನನಗೆ ಸಾಕಾಯಿತು. ಎಣ್ಣೆ ಬಣ್ಣ ಮೂರು ದಿನಕ್ಕೆಲ್ಲಿ ಒಣಗುತ್ತದೆ? ಅವತ್ತು ಶೆಡ್ಡಿನಲ್ಲಿ ಲಾರಿಯೂ ಇರಲಿಲ್ಲ. ಭತ್ತದ ಹೊಟ್ಟು ತುಂಬಿಕೊಂಡು ಟ್ರ್ಯಾಕ್ಟರೊಂದು ಬಂತು. ನಿಲ್ಲಿಸಿ ಅದರ ಟ್ರೇಲರಿನ ಹಿಂದೆ ಚಿತ್ರ ಕಟ್ಟಿದೆವು.

ಹುಣಸೆಮರ ದಾಟಿತು. ಕಣ ಇತ್ತು. ಲೈಟಿನ ಕಂಬ ದಾಟಿತು. ಕಣ ಇತ್ತು, ಅದರ ಮೇಲೆ ನೀಲಿ ನೆರಳೂ ಇತ್ತು. ಚಿತ್ರ ಬೆಂಕಿಪೊಟ್ಟಣದಷ್ಟಾದಾಗಲೂ ಚಿಮಣಿ ಬೇರೆ, ಹೆಂಗಸರು ಬೇರೆ ಕಾಣುತ್ತಿದ್ದರು. ಚಾಚಾ ಬಾಯಲ್ಲಿದ್ದ ಬೀಡಿ ತೆಗೆದು ಕೂಗಿದರು:

“ಸಾಯವಲ್ದು! ನೋಡ್ರೆಪಾ, ಇನ್ನಾ ಸಾಯವಲ್ದು!”

ಟ್ರ್ಯಾಕ್ಟರ್ ತಿರುವಿನಲ್ಲಿ ಮರೆಯಾಯಿತು. ಕಾದೆವು. ತಿರುಗಿ ಬರಲಿಲ್ಲ.

“ತಿರುಗಿ ಬಾ ಅಂತ ಹೇಳೀರಿಲ್ಲೋ?” ಚಾಚಾ ಕೇಳಿದರು.

“ನೀವು ಹೇಳೀರಿ ಅನ್ಕೊಂಡೆ.”

“ಯಾ ಅಲ್ಲಾ! ಅಂವ ಸಿದ್ದಾಪುರದ ಕಡೆಯಾಂವ. ಇಟ್ಟಂಗಿ ಭಟ್ಟಿಗೆ ಹೊಂಟಾನ. ಅವಗೇನು ಗೊತ್ತು ನಮ್ಮ ರಿವಾಜು!”

ಮುಂದಿನ ಬಸ್ಸು ಹಿಡಿದೆವು. ನನ್ನ ಮೂರನೆಯ ವರ್ಷ, ನನ್ನ ಹಸಿ ಬಣ್ಣ, ಎಲ್ಲ ಧೂಳಿನಲ್ಲಿ ಹೋಗುತ್ತಿತ್ತು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಗದ್ದೆ ನೋಡಿದೆನೋ ಇಲ್ಲವೋ ನೆನಪಿಲ್ಲ. ಚಾಚಾ ಮಾತ್ರ ಒಂದೇ ಸಮ, “ಬಣ್ಣ ಗಟ್ಟಿ ಐತ್ರಿ, ಅಂಜಬ್ಯಾಡ್ರಿ” ಅನ್ನುತ್ತಿದ್ದರು.

ಸಿದ್ದಾಪುರದ ಚಹಾದಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಡ್ರೈವರ್ ಒಳಗೆ ಚಹಾ ಕುಡಿಯುತ್ತಿದ್ದ. ಟ್ರೇಲರಿನ ಹಿಂದೆ ಇಪ್ಪತ್ತು ಮೂವತ್ತು ಜನ.

“ಸರ್ಕಸ್ಸಿನ ಬೋರ್ಡ್ ಐತಲೇ ಇದು.”

“ನಿನ್ನ ತಲಿ. ಒಡದ ಕನ್ನಡಿ ಐತಿ ನೋಡು.”

ಅಲ್ಲಿಯ ಗಿರಣಿಯೊಂದರ ಕೆಲಸ ಮುಗಿಸಿ ಬಸ್ಸಿಗೆ ಕಾದಿದ್ದ ಮೂವರು ಹೆಂಗಸರು ಮುಂದೆ ಬಂದರು. ಅವರಲ್ಲಿ ಹಿರಿಯವಳು ತಲೆ ವಾರೆ ಮಾಡಿ ನೋಡಿದಳು. “ಇದು ಕಣ ಅಲ್ಲೇನವಾ? ಇಲ್ಲಿ ನೋಡು, ಕಾಲು. ಭತ್ತ ಕೆದರಾಕತ್ತಾರ.”

“ಭತ್ತ ಹಿಂಗ ಇರತೈತೇನಬೇ?” ಕಿರಿಯವಳು ನಕ್ಕಳು.

“ಮಟಮಟ ಮಧ್ಯಾಹ್ನ ಅಂಗಾಲು ಸುಡೂಮುಂದ ನಿನಗ ಹೆಂಗ ಕಾಣತೈತಿ? ನನಗಂತೂ ಹಿಂಗ.”

ಅವಳು ಇದನ್ನೇ ಹೇಳಿದಳೇ, ಅಥವಾ ಇದಕ್ಕಿಂತ ಕಡಿಮೆ ಹೇಳಿದ್ದಳೇ? ಚಾಚಾ ನೆನಪಿನಲ್ಲಿ ಅವಳು ಇನ್ನೂ ಹೆಚ್ಚು ಹೇಳಿದ್ದಳು. ಅವಳು ಬೆರಳು ತೋರಿಸಿದ್ದು ಗುಲಾಬಿಯ ಕಡೆಗೆ, ಅದು ನನಗೆ ಖಾತ್ರಿ. ನಾನು ಅಲ್ಲೇ, ಚಹಾದಂಗಡಿಯ ಮುಂದೆ, ಜೋರಾಗಿ ನಕ್ಕುಬಿಟ್ಟೆ. ಯಾರಪ್ಪ ಈ ಹುಚ್ಚ ಎಂದು ಜನ ನನ್ನ ಕಡೆ ತಿರುಗಿದರು.

ಹತ್ತಿರ ಹೋದಾಗ ಕಂಡಿತು: ದಾರಿಯುದ್ದಕ್ಕೂ ಹಾರಿದ ಹೊಟ್ಟು ಹಸಿ ಗುಲಾಬಿಗೆ ಅಂಟಿಕೊಂಡಿತ್ತು. ಪ್ರಷ್ಯನ್ ನೀಲಿ ಬೇಗ ಒಣಗುವ ಬಣ್ಣ, ಅದಕ್ಕೆ ಒಂದೂ ಅಂಟಿರಲಿಲ್ಲ. ಶೆಡ್ಡಿಗೆ ತಂದು ಇಕ್ಕಳದಿಂದ ಒಂದೊಂದಾಗಿ ಕೀಳಲು ಕೂತೆ. ನಾಲ್ಕು ಕಿತ್ತ ಮೇಲೆ ದೂರ ನಿಂತು ನೋಡಿದೆ, ಕಿತ್ತ ಜಾಗ ಬೋಳಾಗಿ ಕಂಡಿತು. ಆ ನಾಲ್ಕನ್ನೂ ತಿರುಗಿ ಅಂಟಿಸಿದೆ. ಹೊಟ್ಟಿನ ಉಪಯೋಗ ನನ್ನ ಪ್ರಯೋಗ ಎಂದು ಆಮೇಲೆ ಎಷ್ಟೋ ಕಡೆ ಜಂಬ ಕೊಚ್ಚಿದ್ದೇನೆ. ನನ್ನದು ಆ ನಾಲ್ಕೇ.

ಚಿತ್ರ ವಾಪಸ್ ಬರಲಿಲ್ಲ. ಅದರ ಬದಲು ಆಯ್ಕೆಯಾದ ಪತ್ರ ಬಂತು. ಕೆಳಗೆ ಒಂದು ಪ್ರಶ್ನೆ: ಕ್ಯಾನ್ವಾಸಿನ ಮೇಲೆ ಬಣ್ಣದ ಜೊತೆ ಬೇರೇನೋ ಇದೆ, ಪ್ರದರ್ಶನದ ಪಟ್ಟಿಯಲ್ಲಿ ಏನೆಂದು ಅಚ್ಚು ಹಾಕಬೇಕು? ನಾನು ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದೆ: ‘ಎಣ್ಣೆ ಬಣ್ಣ ಮತ್ತು ಸಿದ್ದಾಪುರ ರಸ್ತೆಯ ಭತ್ತದ ಹೊಟ್ಟು.’ ಒಂದಕ್ಷರ ಬದಲಿಸದೆ ಹಾಗೇ ಅಚ್ಚು ಹಾಕಿದರು.