ಹೊಟ್ಟೆ ಮುಟ್ಟಿ ಇಟ್ಟ ಆಣೆ

ಮೊನ್ನೆ ಪಕ್ಕದ ಅಂಗನವಾಡಿಯಿಂದ ಹೆಸರುಕಾಳು ಹುರಿಯುವ ವಾಸನೆ ಬಂತು. ಮಗ್ಗದ ಮುಂದೆ ಕೂತಿದ್ದ ನನ್ನ ಕೈ ಹಾಗೇ ನಿಂತಿತು. ಹತ್ತು ವರ್ಷದ ಹಿಂದೆ ಅಲ್ಲಿದ್ದ ಟೀಚರಮ್ಮ ನೆನಪಾದರು...

ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಗೆ ಅವರು ಕೌದಳ್ಳಿ ಕಡೆಯಿಂದ ಸೊಸೆಯಾಗಿ ಬಂದವರು. ಬಹಳ ವರ್ಷ ಕಾದ ಮೇಲೆ ಬಸುರಾಗಿದ್ದರು. ನಮ್ಮ ಬೀದಿಯೋ, ರೇಷ್ಮೆ ಎಳೆ ತುಂಡಾದರೂ ಯಾರ ಕಣ್ಣು ಬಿತ್ತು ಎಂದು ಕೇಳುವ ಬೀದಿ. ನಾನೂ ಇಲ್ಲಿಯವಳೇ ತಾನೆ, ನನ್ನ ಅನುಮಾನವೆಲ್ಲ ಎದುರು ಮನೆ ಅಜ್ಜಿಯ ಮೇಲೆ. ಅಂಗನವಾಡಿ ಕೆಲಸ ತನ್ನ ಸೊಸೆಗೆ ಸಿಗಲಿಲ್ಲವೆಂಬ ಹೊಟ್ಟೆಕಿಚ್ಚು ಆಕೆಗಿತ್ತು.

ಆ ಅಜ್ಜಿಯ ಮೊಮ್ಮಗಳಿಗೆ ಒಂದಿಷ್ಟು ನೆಗಡಿ, ಮೈಬಿಸಿ ಬಂದು ಹೋಯಿತು. ಅದನ್ನು ಯಾರು ಲೆಕ್ಕಕ್ಕಿಡುತ್ತಾರೆ? ಆಮೇಲೊಂದು ದಿನ ಮಗು ಅಂಗನವಾಡಿಯಿಂದ ಬರುವಾಗ ಎರಡೂ ಕೆನ್ನೆ ಕೆಂಪಗೆ, ಯಾರೋ ಬಾರಿಸಿದ ಹಾಗಿತ್ತು. ಅಜ್ಜಿ ಮಗುವನ್ನು ಎಳೆದುಕೊಂಡು ಟೀಚರಮ್ಮನ ಮುಂದೆ ಹೋಗಿ ನಿಂತರು.

"ಎಳೇ ಮಗೀಗೆ ಇಂಗ್ ಒಡ್ದಿದ್ದೀಯಲ್ಲ, ನಿನ್ ಕೈ ಸೇದೋಗ!"

ಹೊಡೆದಿಲ್ಲವೆಂದು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ನಮ್ಮಲ್ಲಿ ಜಗಳ ನಿಲ್ಲುವುದು ಆಣೆಯಲ್ಲೇ. ಕೊನೆಗೆ ಟೀಚರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟರು.

"ನನ್ ಒಟ್ಟೇಲಿರೋ ಮಗಿನಾಣೆಗೂ ನಾನ್ ಒಡ್ದಿಲ್ಲ."

ಜನ ಚದುರಿದರು. ಮಾದಪ್ಪನ ಮೇಲೆ ಆಣೆ ಇಟ್ಟಿದ್ದರೆ ಸಾಲುತ್ತಿರಲಿಲ್ಲವೇ ಎನಿಸಿತು ನನಗೆ.

ಕೆಲವು ವಾರ ಕಳೆದು ಟೀಚರಮ್ಮ ಮೈಸೂರಿಗೆ ಸ್ಕ್ಯಾನಿಂಗಿಗೆ ಹೋದಾಗ ಜೊತೆಗೆ ನಾನಿದ್ದೆ. ಹೊಟ್ಟೆಯೊಳಗಿನ ಮಗುವಿನ ಮೈಯಲ್ಲೆಲ್ಲ ನೀರು ತುಂಬಿತ್ತು. ಡಾಕ್ಟರಮ್ಮ, ನಿಮ್ಮ ಹತ್ತಿರ ಯಾವುದಾದರೂ ಮಗುವಿಗೆ ಕೆನ್ನೆ ಕೆಂಪಾಗಿತ್ತೇ ಎಂದು ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಪಾರ್ವೋ ಎಂಬ ವೈರಸ್ಸಂತೆ. ಮಕ್ಕಳಿಗೆ ನೆಗಡಿಯ ಹಾಗೆ ಬಂದಾಗಲೇ ಪಕ್ಕದವರಿಗೆ ಅಂಟಿ, ಆಮೇಲೆ ಕೆನ್ನೆ ಕೆಂಪು ಮಾಡುತ್ತದಂತೆ. ಬಸುರಿಗೆ ಅಂಟಿದರೂ ಹೆಚ್ಚಿನವರಿಗೆ ಏನೂ ಆಗದು, ಕೆಲವರಲ್ಲಿ ಮಾತ್ರ ಒಳಗಿನ ಮಗುವಿಗೆ ರಕ್ತ ಹುಟ್ಟುವುದೇ ನಿಂತುಹೋಗುತ್ತದಂತೆ. ಬೆಂಗಳೂರಿನಲ್ಲಿ ಸೂಜಿ ಹಾಕಿ ಹೊಟ್ಟೆಯೊಳಗಿನ ಮಗುವಿಗೇ ರಕ್ತ ಕೊಡುತ್ತಾರೆ, ಬೇಗ ಹೋಗಿ ಎಂದರು. ಹೊರಡುವ ಮೊದಲೇ ಮಗುವಿನ ಎದೆಬಡಿತ ನಿಂತಿತು.

ಬೀದಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸುಳ್ಳಾಣೆ ಮಗುವನ್ನು ತಿಂತು ಎಂದರು. ಡಾಕ್ಟರಮ್ಮ ಹೇಳಿದ್ದನ್ನು ನಾನು ಮನೆಮನೆಗೂ ಹೋಗಿ ಹೇಳಿದೆ. "ಆ ಟೀಚರು ಇವ್ಳಿಗೇನ್ ಮಂಕುಬೂದಿ ಎರಚವ್ಳೋ" ಎಂದು ನನ್ನ ಮೇಲೇ ಅನುಮಾನಪಟ್ಟರು. ಟೀಚರಮ್ಮ ಕೆಲಸ ಬಿಟ್ಟು ಗಂಡನ ಜೊತೆ ಹೊರಟುಹೋದರು. ಹನೂರಿನಲ್ಲಿದ್ದಾರೆ ಎನ್ನುವವರುಂಟು, ತಮಿಳುನಾಡಿಗೆ ಹೋದರು ಎನ್ನುವವರೂ ಉಂಟು... ಮತ್ತೆ ಅವರ ಮುಖ ನೋಡಲಾಗಲಿಲ್ಲ, ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಆ ಮೊಮ್ಮಗಳು ಈಗ ಹೈಸ್ಕೂಲು. ನಿನ್ನೆ ಮಲ್ಲಿಗೆ ಮೊಗ್ಗು ಬಿಡಿಸಿಕೊಳ್ಳಲು ನಮ್ಮ ಹಿತ್ತಲಿಗೆ ಬಂದವಳು ನಗುತ್ತಲೇ ಕೇಳಿದಳು.

"ಅತ್ತೆ, ಆ ಟೀಚರು ನಂಗೆ ಒಡ್ದು, ಸುಳ್ಳಾಣೆ ಇಟ್ಟು, ಮಗೀನ್ ಕಳ್ಕಂಡ್ರಂತೆ?"

"ಒಡೀನಿಲ್ಲ ಕಣವ್ವ. ಆ ಆಣೆ ನಿಜ."

"ಮತ್ತೆ ಮಗ ಯಾಕ್ ಓಯ್ತು?"

ಹೇಳಿದರೆ ಟೀಚರಮ್ಮನ ಮೇಲಿನ ಅಪವಾದ ಇಳಿಯುತ್ತದೆ. ಇಳಿದು ಈ ಹುಡುಗಿಯ ತಲೆಯ ಮೇಲೆ ಕೂರುತ್ತದೆ. ಏನೂ ಅರಿಯದೆ ಕೆಮ್ಮಿದ ಮಗು ಇದು.

"ನಂಗೊತ್ತಿಲ್ಲ ಕಣವ್ವ" ಎಂದುಬಿಟ್ಟೆ.

ಹುಡುಗಿ ನನ್ನನ್ನು ಅನುಮಾನದಿಂದ ನೋಡಿದಳು, ಥೇಟ್ ಅವಳ ಅಜ್ಜಿಯ ಹಾಗೆ.